ಪೀಪಾಯಿ ತೊಳೆದ ಆಯುಧಪೂಜೆ

ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಬಾರ್ಟ್ ರೈಲಿನಲ್ಲಿ ಕೂತರೂ ಬ್ಯಾಗಿನ ಜಿಪ್ಪು ಎಳೆಯುತ್ತಿರುತ್ತೇನೆ. ಯಾರ ಮನೆಗೆ ಊಟಕ್ಕೆ ಹೋದರೂ ಅವರ ಸಿಂಕಿನ ಪಾತ್ರೆಗೆ ಕೈ ಹಾಕುತ್ತೇನೆ. ಮಗಳು ಕಾಲೇಜಿಗೆಂದು ಮನೆ ಬಿಟ್ಟ ಮೇಲೆ ಯೂನಿಯನ್ ಸಿಟಿಯ ನಮ್ಮ ಮನೆಯಲ್ಲಿ ತೊಳೆಯಲು, ಒರೆಸಲು ಏನೂ ಉಳಿಯದೆ, ಅಡಿಗೆಮನೆಯ ಡಬ್ಬಗಳನ್ನು ಒಂದೇ ತಿಂಗಳಲ್ಲಿ ಎರಡು ಸಲ ಜಾಗ ಬದಲಾಯಿಸಿದೆ. ಮೂರನೆಯ ಸಲ ಶುರು ಮಾಡಿದಾಗ ನಮ್ಮ ಯಜಮಾನರು, ಎಲ್ಲಾದರೂ ಕೆಲಸಕ್ಕೆ ಸೇರು ಮಾರಾಯ್ತಿ, ಬೆಳಿಗ್ಗೆ ಕಾಫಿಗೆ ಸಕ್ಕರೆ ಹುಡುಕಿ ಸಾಕಾಯಿತು ಎಂದರು.

ಕೆಲಸ ಸಿಕ್ಕಿದ್ದು ಕೇಸರಿಭಾತಿನ ದೆಸೆಯಿಂದ. ಸ್ಪೇನಿನ ಕೇಸರಿ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದರಿಂದ ಓಕ್‌ಲ್ಯಾಂಡಿನ ಒಂದು ಸಣ್ಣ ಅಂಗಡಿಗೆ ಹೋಗಿದ್ದೆ. ಆಲಿವ್, ಚೀಸು, ಗೋಡೆಯ ತುಂಬ ವೈನಿನ ಬಾಟಲಿಗಳು. ಅಂಗಡಿಯವರು ಎಪ್ಪತ್ತರ ಆಸುಪಾಸಿನ ಹೆಂಗಸು, ಸ್ಪೇನಿನವರೇ, ಫೋನಿನಲ್ಲಿ ಯಾರ ಮೇಲೋ ರೇಗುತ್ತಿದ್ದರು. ಅವರ ಜಗಳ ಮುಗಿಯುವಷ್ಟರಲ್ಲಿ ನಾನು ಎರಡು ಸಾಲು ಬಾಟಲಿಗಳ ಧೂಳು ಒರೆಸಿ, ಲೇಬಲ್ಲು ಮುಂದೆ ಬರುವಂತೆ ತಿರುಗಿಸಿಟ್ಟಿದ್ದೆ. ಅವರು ಫೋನಿಟ್ಟು, ಆ ಸಾಲುಗಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಕೆಲಸ ಬೇಕಾ ಎಂದು ಕೇಳಿದರು. ಬೇಕು ಎಂದೆ. ಕೇಸರಿ ತರುವುದು ಮರೆತೇ ಹೋಯಿತು.

ಅವರನ್ನು ಮನಸ್ಸಿನಲ್ಲೇ ಓನರಮ್ಮ ಎಂದು ಕರೆಯುತ್ತಿದ್ದೆ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೈಸೂರಿನಲ್ಲಿರುವ ಅಕ್ಕನಿಗೆ ಕೆಲಸದ ವಿಷಯ ತಿಳಿಸಿದಾಗ ಅವಳ ಕಣ್ಣಿಗೆ ಕಂಡಿದ್ದು ಕಬ್ಬಿಣದ ಜಾಲರಿ, ಅದರ ಕಿಂಡಿಯೊಳಗೆ ಕೈ ತೂರಿಸಿ ನಿಂತ ಗಂಡಸರು, ಮೆಟ್ಟಿಲ ಮೇಲೆ ಬಿದ್ದುಕೊಂಡಿರುವ ಒಬ್ಬ. ಅಪ್ಪ ಇದ್ದಿದ್ದರೆ ಎಂದು ಶುರು ಮಾಡಿದಳು. ನಾನು ಕುಡಿಯುವುದಿಲ್ಲ ಕಣೇ, ಬಾಯಿಗೆ ಹಾಕಿಕೊಂಡು ರುಚಿ ನೋಡಿ ಉಗುಳಿಬಿಡುತ್ತೇನೆ, ಇಲ್ಲಿ ಅದೇ ಪದ್ಧತಿ ಎಂದೆ. ಉಗುಳುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಕೇಳಿದಳು.

ಕೊಡುತ್ತಿದ್ದರು. ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಟೇಸ್ಟಿಂಗಿಗೆ ಬರುತ್ತಿದ್ದರು. ವರ್ಷವಿಡೀ ಓನರಮ್ಮನ ಪಕ್ಕ ನಿಂತು ಕೇಳಿದ್ದನ್ನು ನಾನು ಗಿಣಿಪಾಠದ ಹಾಗೆ ಕಲಿತೆ. ಅವರ ಊರು ಹೆರೆಸ್, ಸ್ಪೇನಿನ ದಕ್ಷಿಣದ ತುದಿಯಲ್ಲಿ, ಅಟ್ಲಾಂಟಿಕ್ ಸಮುದ್ರಕ್ಕೆ ಹತ್ತಿರ. ಅಲ್ಲಿನ ವೈನಿಗೂ ಊರಿನದೇ ಹೆಸರು, ಅದು ಇಂಗ್ಲಿಷಿನವರ ಬಾಯಲ್ಲಿ ಶೆರಿ ಆಯಿತು. ಹೆರೆಸ್ ಮತ್ತು ಸಮುದ್ರದ ಕಡೆಯ ಇನ್ನೆರಡು ಊರುಗಳ ನಡುವೆ ದ್ರಾಕ್ಷಿ ತೋಟಗಳು. ಮಣ್ಣು ಸುಣ್ಣದಷ್ಟು ಬಿಳುಪು, ಬೇಸಿಗೆಯಲ್ಲಿ ಕಣ್ಣು ಬಿಟ್ಟು ನೋಡಲಾಗುವುದಿಲ್ಲವಂತೆ. ಚಳಿಗಾಲದ ಮಳೆಯನ್ನೆಲ್ಲ ಕುಡಿದು, ಬಿಸಿಲು ಬಂದೊಡನೆ ಮೇಲೆ ಗಟ್ಟಿ ಹಕ್ಕಳೆ ಕಟ್ಟಿಕೊಂಡು, ಒಳಗೆ ತೇವ ಮುಚ್ಚಿಟ್ಟುಕೊಳ್ಳುವ ಮಣ್ಣು. ಒಂದು ತೊಟ್ಟು ನೀರು ಹಾಯಿಸದೆ ಬಳ್ಳಿ ಬದುಕುವುದು ಹಾಗೆ. ಹಣ್ಣು ಬಿಳಿ ದ್ರಾಕ್ಷಿ, ತಿಂದರೆ ಸಪ್ಪೆ. ಇಂಥ ಸಪ್ಪೆ ಹಣ್ಣಿನಿಂದ ಏನು ಮಾಡುತ್ತೀರಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಓನರಮ್ಮ, ಮಾಡುವುದೆಲ್ಲ ಪೀಪಾಯಿಯೊಳಗೆ ಎಂದಿದ್ದರು.

ಅಲ್ಲಿ ಪೀಪಾಯಿಯನ್ನು ಬಾಯಿಯವರೆಗೆ ತುಂಬುವುದಿಲ್ಲ. ಮೇಲೆ ಎರಡು ಮುಷ್ಟಿಯಷ್ಟು ಜಾಗ ಬಿಡುತ್ತಾರೆ. ಆ ಜಾಗದ ಗಾಳಿಗೆ ವೈನಿನ ಮೇಲೆ ಒಂದು ಬಿಳಿ ಪೊರೆ ಬೆಳೆಯುತ್ತದೆ. ಅವರ ಭಾಷೆಯಲ್ಲಿ ಅದನ್ನು ಹೂವು ಎನ್ನುತ್ತಾರೆ. ಅದು ಜೀವವಿರುವ ಪೊರೆ. ವೈನನ್ನು ಉಂಡುಕೊಂಡು, ಅದೇ ವೈನಿಗೆ ಗಾಳಿ ತಾಕದಂತೆ ಕಾಯುತ್ತದೆ. ಪೊರೆಯ ಕೆಳಗೆ ಬೆಳೆದದ್ದು ಫಿನೋ, ತೆಳ್ಳಗೆ, ಹುಲ್ಲಿನ ಬಣ್ಣಕ್ಕೆ, ಮೂಗಿಗೆ ಹಿಡಿದರೆ ಕಲಸಿಟ್ಟ ಬ್ರೆಡ್ಡಿನ ಹಿಟ್ಟು, ಸಿಪ್ಪೆ ಸಹಿತದ ಬಾದಾಮಿ. ಪೊರೆ ಸತ್ತು ಗಾಳಿ ತಾಕಿದರೆ ಅದೇ ವೈನು ವರ್ಷಗಳು ಕಳೆದಂತೆ ಕಂದು ತಿರುಗಿ ಅಮೊಂಟಿಯಾಡೊ ಆಗುತ್ತದೆ. ಮೊದಲಿನಿಂದಲೂ ಪೊರೆಯಿಲ್ಲದೆ ಬೆಳೆದದ್ದು ಒಲೊರೊಸೊ, ಗಾಢ ಬಣ್ಣ, ಅಕ್ರೋಟಿನ ವಾಸನೆ. ಕೊನೆಗೊಂದು ಕಪ್ಪು ಸಿಹಿ ವೈನು ಇದೆ, ಹಣ್ಣನ್ನು ಬಿಸಿಲಿನಲ್ಲಿ ಒಣಗಿಸಿ ಮಾಡಿದ್ದು. ಜೋನಿಬೆಲ್ಲದ ಡಬ್ಬ ತೆಗೆದ ಹಾಗೆ ಘಮ್ಮೆನ್ನುತ್ತದೆ, ಅದೊಂದನ್ನು ಉಗುಳಲು ನನಗೆ ಪ್ರತಿ ವಾರವೂ ಕಷ್ಟವಾಗುತ್ತಿತ್ತು.

ಇನ್ನೊಂದು ಪಾಠವಿತ್ತು, ಓನರಮ್ಮ ಅದನ್ನು ಹೇಳುವಾಗ ದನಿ ಇಳಿಸುತ್ತಿದ್ದರು. ಪೀಪಾಯಿಯನ್ನು ಎಂದೂ ಖಾಲಿ ಮಾಡಬಾರದು. ಹಳೆಯದರಿಂದ ಸ್ವಲ್ಪ ತೆಗೆದು, ತೆಗೆದಷ್ಟೇ ಹೊಸದನ್ನು ತುಂಬಬೇಕು. ಹಾಗಾಗಿ ಇವತ್ತು ತೆಗೆದ ಲೋಟದಲ್ಲೂ ಮೊತ್ತಮೊದಲು ತುಂಬಿದವರ ಕಾಲದ ಒಂದು ಹನಿ ಇರುತ್ತದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಥದೊಂದು ಸಣ್ಣ ಪೀಪಾಯಿ ಇತ್ತು, ಎರಡು ಕೊಡ ನೀರು ಹಿಡಿಯುವಷ್ಟು. ಅದರ ಒಂದು ಮುಖಕ್ಕೆ ಗಾಜು ಹಾಕಿಸಿದ್ದರು, ಒಳಗಿನ ಪೊರೆ ಹೊರಗಿನಿಂದಲೇ ಕಾಣಲಿ ಎಂದು. ಮಾರಾಟಕ್ಕಲ್ಲ. ಓನರಮ್ಮನ ತಂದೆ ಹೆರೆಸಿನಲ್ಲಿ ಬೆಳೆಸಿದ್ದ ವೈನು, ಅವರೇ ಬೆಳೆಸಿದ್ದ ಪೊರೆ. ಇವರು ಈ ದೇಶಕ್ಕೆ ಬಂದ ಕಾಲದಿಂದ ಹೊಸ ಫಿನೋ ಹಾಕುತ್ತಾ ಉಳಿಸಿಕೊಂಡು ಬಂದಿದ್ದರು. ವರ್ಷಕ್ಕೊಂದು ದಿನ, ತಂದೆ ತೀರಿಕೊಂಡ ದಿನ, ಅದರಿಂದ ಅರ್ಧ ಲೋಟ ತೆಗೆದು ಒಬ್ಬರೇ ಕೂತು ಕುಡಿಯುತ್ತಿದ್ದರು. ಅವತ್ತು ನಾನು ಮುಂದಿನ ಕೌಂಟರಿನಿಂದ ಅಲ್ಲಾಡುತ್ತಿರಲಿಲ್ಲ.

ಹೋದ ಸೆಪ್ಟೆಂಬರ್ ಕೊನೆಯಲ್ಲಿ ಅವರು ಊರಿಗೆ ಹೊರಟರು. ಅಲ್ಲಿ ಪೀಪಾಯಿಗಳನ್ನು ನೋಡಿಕೊಳ್ಳುತ್ತಿದ್ದ ಅಣ್ಣನಿಗೆ ವಯಸ್ಸಾಗಿತ್ತು, ತಂದೆಯ ಕಾಲದ ಪೀಪಾಯಿಗಳನ್ನೆಲ್ಲ ದೊಡ್ಡ ಕಂಪನಿಯೊಂದಕ್ಕೆ ಕೊಟ್ಟುಬಿಡುವುದೆಂದು ತೀರ್ಮಾನವಾಗಿತ್ತು, ಸಹಿ ಹಾಕಲು ಇವರು ಹೋಗಬೇಕಿತ್ತು. ಮೂರು ವಾರ. ಹೊರಡುವ ದಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಗಾಜಿನ ಮೇಲೆ ಬೆರಳಿಟ್ಟು ಹೇಳಿದರು:

"ಇನ್ನು ಮೇಲೆ ನಮ್ಮಪ್ಪಂದು ಅಂತ ಉಳಿಯೋದು ಇದೊಂದೇ. ದಿನಾ ಒಂದು ಸಲ ನೋಡು. ಮುಟ್ಟಬೇಡ."

ಈ ದೇಶಕ್ಕೆ ಬಂದು ಇಪ್ಪತ್ತು ವರ್ಷದಲ್ಲಿ ಯಾರೂ ನನ್ನ ಕೈಗೆ ಒಂದು ಬೀಗದ ಕೈ ಕೊಟ್ಟಿರಲಿಲ್ಲ. ರೈಲಿನಲ್ಲಿ ಬರುವಾಗ ಹತ್ತು ಸಲ ಬ್ಯಾಗಿನಲ್ಲಿ ಮುಟ್ಟಿ ನೋಡಿಕೊಂಡೆ.

ಮೊದಲ ವಾರ ದಿನಕ್ಕೊಂದಲ್ಲ, ಎಂಟು ಸಲ ನೋಡಿದೆ. ಆ ವರ್ಷ ಅಕ್ಟೋಬರಿನಲ್ಲೂ ಸುಡುವ ಬಿಸಿಲು. ವಸಂತದಲ್ಲಿ ಕೆನೆಯಷ್ಟು ಬೆಳ್ಳಗಿದ್ದ ಪೊರೆ ಬೂದಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಹರಿದು, ಚೂರುಗಳು ತಳಕ್ಕೆ ಇಳಿಯತೊಡಗಿದವು. ಮೊದಲ ಭಾನುವಾರ ಓನರಮ್ಮ ಫೋನ್ ಮಾಡಿ ಪೊರೆ ಹೇಗಿದೆ ಎಂದಾಗ ಚೆನ್ನಾಗಿದೆ ಎಂದೆ. ಆಗ ಅದು ಸುಳ್ಳೇನಲ್ಲ, ಹರಿದಿದ್ದರೂ ಪೊರೆ ಇನ್ನೂ ಇತ್ತು. ಆದರೆ ಅವತ್ತಿನಿಂದ ನನ್ನ ಮನಸ್ಸಿಗೆ ಅದು ಪೊರೆಯಾಗಿ ಕಾಣಲಿಲ್ಲ, ಬೂಷ್ಟಾಗಿ ಕಾಣಿಸಿತು. ಉಪ್ಪಿನಕಾಯಿ ಭರಣಿಯ ಮೇಲೆ ಬೂಷ್ಟು ಬಂದರೆ ಅಮ್ಮ ಏನು ಮಾಡುತ್ತಿದ್ದಳು? ಮೇಲಿನದನ್ನು ತೆಗೆದು ಎಸೆದು, ಭರಣಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿ, ಕೆಳಗಿನ ಒಳ್ಳೆಯದನ್ನು ಮತ್ತೆ ತುಂಬುತ್ತಿದ್ದಳು. ತಡ ಮಾಡಿದರೆ ಇಡೀ ಭರಣಿ ಹೋಯಿತು ಎನ್ನುತ್ತಿದ್ದಳು.

ಅಷ್ಟರಲ್ಲಿ ಆಯುಧಪೂಜೆ ಬಂತು, ಅಂಗಡಿಗೆ ರಜೆಯಿರುವ ಮಂಗಳವಾರವೇ. ಆಯುಧಪೂಜೆಯೆಂದರೆ ನಮ್ಮಲ್ಲಿ ಅನ್ನ ಕೊಡುವ ಸಾಮಾನಿಗೆಲ್ಲ ಸ್ನಾನದ ದಿನ. ಅಪ್ಪ ಸೈಕಲ್ಲಿನಿಂದ ಹಿಡಿದು ಉಗುರು ಕತ್ತರಿಯವರೆಗೆ ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದರು. ಇಲ್ಲಿ ನಮ್ಮ ಯಜಮಾನರು ಲ್ಯಾಪ್‌ಟಾಪಿಗೆ ಕುಂಕುಮವಿಟ್ಟು, ಕಾರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಇಷ್ಟು ವರ್ಷ ನನ್ನದು ಎನ್ನುವ ಆಯುಧ ಯಾವುದೂ ಇರಲಿಲ್ಲ, ಮಿಕ್ಸಿ ಬಿಟ್ಟರೆ. ಈ ಸಲ ಒಂದು ಅಂಗಡಿಯೇ ಇತ್ತು. ಬೆಳಿಗ್ಗೆಯೇ ಸ್ನಾನ ಮಾಡಿ, ಚೆಂಡುಹೂವು, ಅರಿಶಿನ, ಕುಂಕುಮ, ಹುಣಸೆಹಣ್ಣು, ಒಂದು ಹೊಸ ಪಂಚೆ ಕಟ್ಟಿಕೊಂಡು ರೈಲು ಹತ್ತಿದೆ. ಬಿರಟೆ ತೆಗೆಯುವ ತಿರುಪುಗಳು, ಚೀಸು ಕತ್ತರಿಸುವ ಚಾಕು, ಬಿಲ್ಲಿನ ಮಷೀನು ಎಲ್ಲವನ್ನೂ ಒರೆಸಿ ಬೊಟ್ಟಿಟ್ಟೆ. ಪೀಪಾಯಿಯ ಹಿತ್ತಾಳೆ ನಲ್ಲಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದಾಗ ಚಿನ್ನದ ಹಾಗೆ ಹೊಳೆಯಿತು. ಗಾಜು ಒರೆಸಿದೆ. ಒಳಗಿನ ಬೂದು ಚೂರುಗಳು ಇನ್ನೂ ಚೆನ್ನಾಗಿ ಕಂಡವು.

ಹೊರಗೆಲ್ಲ ಬೆಳಗಿಟ್ಟು ಒಳಗೆ ಕೊಳೆ ಬಿಟ್ಟು ಬೊಟ್ಟಿಡುವುದು ಹೇಗೆ? ನಲ್ಲಿ ತಿರುಗಿಸಿ ವೈನನ್ನೆಲ್ಲ ಎರಡು ಸ್ಟೀಲ್ ಬಕೆಟ್ಟಿಗೆ ಬಿಟ್ಟೆ. ಕೆಟಲಿನಲ್ಲಿ ನೀರು ಕಾಯಿಸಿ ಕಾಯಿಸಿ ಪೀಪಾಯಿಗೆ ಸುರಿದು, ಅಲ್ಲಾಡಿಸಿ, ಕಂದು ನೀರು ಹೋಗಿ ತಿಳಿನೀರು ಬರುವವರೆಗೆ ತೊಳೆದೆ. ಹೊಸ ಪಂಚೆಯಲ್ಲಿ ವೈನನ್ನು ಸೋಸಿ, ಒಂದು ತೊಟ್ಟೂ ಚೆಲ್ಲದೆ ಮತ್ತೆ ತುಂಬಿದೆ, ಎರಡು ಮುಷ್ಟಿ ಜಾಗವನ್ನೂ ಅಳತೆ ಮಾಡಿ ಬಿಟ್ಟೆ. ಪೀಪಾಯಿಯ ಹಣೆಗೆ ಅರಿಶಿನ ಕುಂಕುಮವಿಟ್ಟು, ಹೂವು ಮುಡಿಸಿ, ಊದುಬತ್ತಿ ಹಚ್ಚಿ, ಕೈ ಮುಗಿದೆ. ಅಷ್ಟು ನೆಮ್ಮದಿಯಾಗಿ ನಾನು ಎಷ್ಟೋ ದಿನದಿಂದ ಕೂತಿರಲಿಲ್ಲ.

ಆ ನೆಮ್ಮದಿ ಶನಿವಾರದವರೆಗೆ ಇತ್ತು. ಟೇಸ್ಟಿಂಗಿಗೆ ಬಂದವರ ಮುಂದೆ ಫಿನೋ ಹಿಡಿದುಕೊಂಡು ನನ್ನ ಪಾಠ ಒಪ್ಪಿಸುತ್ತಿದ್ದೆ. ಅದು ಜೀವವಿರುವ ಪೊರೆ, ಪೀಪಾಯಿಯನ್ನು ಎಂದೂ ಖಾಲಿ ಮಾಡಬಾರದು ಎಂದು ನನ್ನ ಬಾಯಿಂದಲೇ ಬಂತು, ಬಂದದ್ದು ನನ್ನ ಕಿವಿಗೇ ಬಿತ್ತು. ಒಬ್ಬರು, ಪೊರೆ ಸತ್ತರೆ ಮತ್ತೆ ಬೆಳೆಯುತ್ತದೆಯೇ ಎಂದು ಕೇಳಿದರು. ಓನರನ್ನು ಕೇಳಿ ಹೇಳುತ್ತೇನೆ ಎಂದೆ. ಅವರೆಲ್ಲ ಹೋಗುವುದೇ ತಡ, ಹಿಂದಿನ ಕೋಣೆಗೆ ಓಡಿದೆ. ವೈನು ಬೋಳಾಗಿ ನಿಂತಿತ್ತು, ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಗಣೇಶನ್ನ ಮಾಡಲು ಹೋಗಿ ಅವರಪ್ಪನ್ನ ಮಾಡಿದ್ದೆ.

ಮರುದಿನ ಭಾನುವಾರ, ಬೆಳಗಿನ ಒಂಬತ್ತಕ್ಕೆ ಓನರಮ್ಮನ ಫೋನು. ಅಲ್ಲಿ ಸಂಜೆಯಾಗಿತ್ತು. ಪೊರೆ ಹೇಗಿದೆ ಎಂದರು. ಚೆನ್ನಾಗಿದೆ ಎಂದೆ. ಯೋಚಿಸಿ ಹೇಳಿದ ಸುಳ್ಳಾಗಿದ್ದರೆ ನಾಲಿಗೆ ಒಂದಿಷ್ಟಾದರೂ ತಡವರಿಸುತ್ತಿತ್ತು. ಇದು ಇಪ್ಪತ್ತು ವರ್ಷದ ರೂಢಿ. ಮಣಿಕಟ್ಟು ಮುರಿದು ಪಟ್ಟಿ ಹಾಕಿಸಿಕೊಂಡು ಕೂತಿದ್ದಾಗಲೂ ಅಕ್ಕನಿಗೆ ಎಲ್ಲ ಚೆನ್ನಾಗಿದ್ದೀವಿ ಎಂದಿದ್ದೆ. ಅವಳೂ ಗರ್ಭಕೋಶದ ಆಪರೇಷನ್ನಿನ ವಿಷಯವನ್ನು ಹೊಲಿಗೆ ಬಿಚ್ಚಿದ ಮೇಲೆಯೇ ನನಗೆ ಹೇಳಿದ್ದು. ದೂರ ಇರುವವರಿಗೆ ಕೆಟ್ಟ ಸುದ್ದಿ ಕೊಟ್ಟು ಏನು ಫಲ, ಅವರು ಅಲ್ಲಿಂದ ಏನು ಮಾಡಿಯಾರು, ಊಟ ಬಿಡುತ್ತಾರೆ ಅಷ್ಟೇ. ನಮ್ಮಲ್ಲಿ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಪ್ರೀತಿ ಎನ್ನುತ್ತೇವೆ.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಡಿ ತೆರೆಯುವ ಹೊತ್ತಿಗೆ ಒಂದು ಗಂಟೆ ಮೊದಲೇ ಹೋಗಿ ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದೆ. ಬೆಳಕು ಬಿದ್ದರೆ ಪೊರೆ, ನನ್ನ ಉಸಿರು ಬಿದ್ದರೆ ಪೊರೆ. ಒರೆಸಿದರೆ ಏನೂ ಇಲ್ಲ. ಓನರಮ್ಮ ಮಾಡುತ್ತಿದ್ದ ಹಾಗೆ ಹೊಸ ಫಿನೋ ಅರ್ಧ ಬಾಟಲಿ ಸುರಿದು ನೋಡಿದೆ. ಕೋಣೆ ತಂಪಾಗಲಿ ಎಂದು ಒದ್ದೆ ಗೋಣಿ ಹಾಸಿದೆ. ಪೀಪಾಯಿಯ ಹಣೆಗೆ ಅಂಟಿದ್ದ ಅರಿಶಿನ ಕುಂಕುಮವನ್ನು ಮಾತ್ರ ಒರೆಸಲು ಧೈರ್ಯ ಬರಲಿಲ್ಲ. ನಮ್ಮೂರಿಗೆ ಹತ್ತಿರದ ಡಬ್ಲಿನ್ನಿನಲ್ಲಿ ಪರಿಚಯದವರ ಮನೆಯಲ್ಲಿ, ದಸರೆ ಮುಗಿದರೂ ಇನ್ನೂ ಎತ್ತಿಡದಿದ್ದ ಗೊಂಬೆ ನೋಡಲು ಹೋಗಿದ್ದಾಗ ಒಬ್ಬಾಕೆ, ಕೆಲಸ ಹೇಗಿದೆ, ಏನೋ ವೈನ್ ಶಾಪಂತೆ ಎಂದು ಮಾಮೂಲಾಗಿಯೇ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೇನು ಮಾಡಿದೆ ಎಂದು ರೇಗಿಬಿಟ್ಟೆ. ಪಾಪ, ಆಕೆ ತಾಂಬೂಲದ ತಟ್ಟೆ ಹಿಡಿದುಕೊಂಡು ಹಾಗೆಯೇ ನಿಂತರು.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ನಿಮ್ಮ ಓನರು ಬರುವ ಹೊತ್ತಿಗೆ ತಾನಾಗಿ ಬೆಳೆದಿರುತ್ತದೆ, ಸುಮ್ಮನೆ ಈಗಲೇ ಯಾಕೆ ಅವರ ತಲೆ ಕೆಡಿಸುತ್ತೀಯ ಎಂದರು. ನನಗೆ ಬೇಕಿದ್ದ ಉತ್ತರವೂ ಅದೇ ಆಗಿತ್ತು. ಮಗಳಿಗೂ ಹೇಳಿದೆ. ಅವಳಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು.

"ಅಮ್ಮಾ, ಜಸ್ಟ್ ಟೆಲ್ ಹರ್," ಎಂದಳು.

ನಿನಗೆ ಅರ್ಥವಾಗುವುದಿಲ್ಲ ಎಂದು ಫೋನಿಟ್ಟೆ. ಮೂರನೆಯ ಭಾನುವಾರ ಓನರಮ್ಮ ಮತ್ತೆ ಕೇಳಿದರು. ಅವರ ದನಿ ಸೋತಿತ್ತು. ಎಲ್ಲ ಮುಗಿಯಿತು, ಬುಧವಾರ ಪೀಪಾಯಿಗಳು ಹೋದವು, ನನ್ನದು ಹೇಗಿದೆ ಎಂದರು. ಅಂಥ ದನಿಗೆ ಇನ್ನೇನು ಹೇಳಲಿ? ಚೆನ್ನಾಗಿದೆ ಎಂದೆ. ಅವರು ಥ್ಯಾಂಕ್ಸ್ ಎಂದರು. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಗುರುವಾರ ಅವರು ಏರ್‌ಪೋರ್ಟಿನಿಂದ ನೆಟ್ಟಗೆ ಅಂಗಡಿಗೇ ಬಂದರು, ಪೆಟ್ಟಿಗೆ ಎಳೆದುಕೊಂಡು. ಇಳಿದು ಹೋಗಿದ್ದರು. ನನ್ನನ್ನು ತಬ್ಬಿಕೊಂಡರು. ಕೋಟು ಬಿಚ್ಚದೆ ಹಿಂದಿನ ಕೋಣೆಯ ಕಡೆ ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತು, ಒಳಗೆ ಹೋಗುವ ಮುಂಚೆ ನೀವು ನನ್ನದೊಂದು ಮಾತು ಕೇಳಬೇಕು ಎಂದೆ. ಎಲ್ಲವನ್ನೂ ಹೇಳಿದೆ. ಬೂಷ್ಟು, ಅಮ್ಮನ ಭರಣಿ, ಹಬ್ಬ, ಬಿಸಿನೀರು, ಪಂಚೆ. ಹೇಳುತ್ತಾ ಹೇಳುತ್ತಾ ನನಗೇ ಅದು ಹುಚ್ಚಿಯ ಕಥೆಯಂತೆ ಕೇಳಿಸಿತು.

ಅವರು ಒಳಗೆ ಹೋಗಿ ಗಾಜಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ಪೀಪಾಯಿಯ ಹಣೆಯ ಕುಂಕುಮವನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಲ್ಲಿಯಿಂದ ಒಂದಿಷ್ಟು ಲೋಟಕ್ಕೆ ಬಿಟ್ಟು, ಮೂಸಿ, ಬಾಯಲ್ಲಿ ಹಿಡಿದು ನುಂಗಿದರು. ವೈನು ಕೆಟ್ಟಿಲ್ಲ, ಪೊರೆ ಮಾತ್ರ ತಾನಾಗಿ ಮತ್ತೆ ಬರುವುದಿಲ್ಲ, ಇನ್ನು ಮೇಲೆ ಇದು ಕಂದು ಬಣ್ಣಕ್ಕೆ ತಿರುಗುತ್ತದೆ, ಬೇರೆಯದೇ ವೈನಾಗುತ್ತದೆ, ಆದರೆ ಬದುಕುತ್ತದೆ ಎಂದರು. ಅಷ್ಟರಮಟ್ಟಿಗೆ ಬಚಾವಾದೆ ಎಂದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತೆ.

ತೊಳೆದದ್ದು ಯಾವತ್ತು ಎಂದು ಕೇಳಿದರು. ನೀವು ಹೋದ ಎರಡನೇ ವಾರ, ಮಂಗಳವಾರ ಎಂದೆ. ಅವರು ಮನಸ್ಸಿನಲ್ಲೇ ದಿನ ಎಣಿಸಿದರು. ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಹಾಗಾದ್ರೆ ಆ ಭಾನುವಾರ ಫೋನಲ್ಲಿ ಚೆನ್ನಾಗಿದೆ ಅಂದೆಯಲ್ಲ?"

"ಸುಳ್ಳು ಹೇಳಿದೆ."

"ಯಾಕೆ?"

"ನೀವು ಅಷ್ಟು ದೂರ ಇದ್ರಿ. ಅಲ್ಲಿಂದ ನೀವು ತಾನೇ ಏನು ಮಾಡೋಕಾಗತ್ತೆ, ಸುಮ್ನೆ ಸಂಕಟ ಪಡ್ತೀರಿ ಅಂತ."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನಾನು ದೂರ ಇರಲಿಲ್ಲ," ಎಂದರು. "ಆ ಭಾನುವಾರ ಅಪ್ಪನ ಪೀಪಾಯಿಗಳ ಪಕ್ಕದಲ್ಲೇ ನಿಂತ್ಕೊಂಡು ನಿಂಗೆ ಫೋನ್ ಮಾಡಿದ್ದು. ಬುಧವಾರ ಕಂಪನಿಯವರು ಬಂದು ನನ್ನ ಕಣ್ಣೆದುರೇ ಎಲ್ಲಾ ಖಾಲಿ ಮಾಡಿ, ತಮ್ಮದರ ಜೊತೆ ಬೆರೆಸಿಬಿಟ್ರು. ಭಾನುವಾರ ನೀನು ಹೇಳಿದ್ದಿದ್ರೆ ಒಂದು ಸೀಸೇಲಿ ಪೊರೆ ಹಾಕ್ಕೊಂಡು ಬರ್ತಿದ್ದೆ. ಮೊದಲನೇ ಸಲ ಈ ದೇಶಕ್ಕೆ ತಂದಿದ್ದೂ ಹಾಗೇ. ಒಂದು ಚಮಚ ಸಾಕಾಗಿತ್ತು."

ಎಷ್ಟು ಎಂದು ತೋರಿಸಲು ಹೆಬ್ಬೆರಳು ತೋರುಬೆರಳನ್ನು ಹತ್ತಿರ ತಂದು ಹಿಡಿದಿದ್ದರು. ಮಾತು ಮುಗಿದ ಮೇಲೂ ಆ ಬೆರಳುಗಳನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದರು.